ಜಟಕಾದಲ್ಲಿ ಮುಂದಕ್ಕೆ ಸರಿದು ಕೂತವರು

ಬೆಂದ ಹುರುಳಿಯ ವಾಸನೆಗೆ ಮೊದಲು ಹಸಿವಾಯಿತು, ಆಮೇಲೆ ಟೀಚರ್ ನೆನಪಾದರು.

ದಾವಣಗೆರೆಯ ಹೊರಗೆ ದಂಪತಿಗಳಿಬ್ಬರು ನಾಲ್ಕು ಕುದುರೆ ಸಾಕಿಕೊಂಡಿದ್ದಾರೆ. ಮನಸ್ಸಿನಲ್ಲಿ ಹೆದರಿಕೆ ಕೂತ ಮಕ್ಕಳನ್ನು ಅವುಗಳ ಒಡನಾಟಕ್ಕೆ ಬಿಟ್ಟು ಗುಣಪಡಿಸುತ್ತಾರೆ ಎಂದು ಕೇಳಿ, ಶಾಲೆಗೆ ಹೋಗಲು ಒಲ್ಲದ ತಂಗಿಯ ಮೊಮ್ಮಗಳನ್ನು ಚನ್ನಗಿರಿಯಿಂದ ಕರೆದುಕೊಂಡು ಹೋಗಿದ್ದೆವು. ನಾವು ಹೋದಾಗ ಕುದುರೆಗಳ ಮುಂದೆ ಬಕೆಟ್ಟುಗಳಲ್ಲಿ ಹುರುಳಿ ಹಬೆಯಾಡುತ್ತಿತ್ತು. ಈ ಚಿಕಿತ್ಸೆ ಹೊರದೇಶಗಳಲ್ಲಿ ಎಷ್ಟೋ ಕಾಲದಿಂದ ಇದೆ ಎಂದು ಕುದುರೆ ಸಾಕಿದ ಆ ಹೆಣ್ಣುಮಗಳು ವಿವರಿಸಿದಳು. ನಾನು ತಲೆಯಾಡಿಸಿದೆ. ಹೊನ್ನಾಳಿಯಲ್ಲೇ ಇದನ್ನು ಕಂಡಿದ್ದೇನೆ ಎಂದು ಹೇಳಲಿಲ್ಲ. ಕಂಡದ್ದೆಷ್ಟು, ಆಮೇಲೆ ನಾನೇ ಸೇರಿಸಿಕೊಂಡದ್ದೆಷ್ಟು ಎಂಬ ಅನುಮಾನ ನನಗೆ ಯಾವಾಗಲೂ ಇದ್ದದ್ದೇ...

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಮೈಸೂರಿನಲ್ಲಿ ಎಂ.ಎ. ಮಾಡಿಕೊಂಡು ಹೊನ್ನಾಳಿಯ ಕಾಲೇಜಿಗೆ ಪಾಠ ಹೇಳಲು ಬಂದಿದ್ದೆ. ಒಂದೇ ಮನೆಯನ್ನು ಎರಡು ಮಾಡಿ ಬಾಡಿಗೆಗೆ ಕೊಟ್ಟಿದ್ದರು. ಗೋಡೆಯ ಆಚೆ ಟೀಚರ್ ಇದ್ದರು. ನಲವತ್ತರ ಆಸುಪಾಸು, ಗಟ್ಟಿ ಆಳು, ಒಬ್ಬರೇ. ನ್ಯಾಮತಿಯ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದರು. ಬೆಳಿಗ್ಗೆ ಸವಳಂಗದ ಬಸ್ಸು ಹಿಡಿದು ಹೋದರೆ ಬರುವುದು ಸಂಜೆ. ಚಿಕ್ಕ ವಯಸ್ಸಿಗೇ ಗಂಡ ತೀರಿಕೊಂಡು, ಜಗಳೂರಿನ ಅಣ್ಣನ ಮನೆಯಲ್ಲಿ ಕೆಲವು ವರ್ಷ ಇದ್ದು, ಅಲ್ಲಿಂದಲೇ ಓದಿ ಕೆಲಸ ಹಿಡಿದವರು. ಆ ವರ್ಷಗಳ ಬಗ್ಗೆ ಅವರು ನನಗೆ ಹೇಳಿದ್ದು ಇಷ್ಟೇ: “ಅಣ್ಣ ಒಳ್ಳೇನೇ. ಆದ್ರೆ ಆ ಮನೇಲಿ ನನ್ ಚಾ ನಾನು ಒಂದಿನಾನೂ ಬಿಸಿ ಇದ್ದಾಗ ಕುಡೀಲಿಲ್ಲ.”

ಒಂದು ಮಳೆಗಾಲದಲ್ಲಿ ಅವರ ಬಸ್ಸು ರಸ್ತೆಯಿಂದ ಜಾರಿ ಕಾಲುವೆಯ ಏರಿಗೆ ವಾಲಿಕೊಂಡಿತು. ಯಾರಿಗೂ ದೊಡ್ಡ ಪೆಟ್ಟಾಗಲಿಲ್ಲ. ಟೀಚರ ಮೊಣಕಾಲಿನ ಚರ್ಮ ಹರಿದಿತ್ತು, ಅಷ್ಟೇ. ಉಳಿದವರೆಲ್ಲ ಮರುವಾರವೇ ಅದೇ ಬಸ್ಸಿನಲ್ಲಿ ಓಡಾಡಿದರು. ಟೀಚರಿಗೆ ಆಗಲಿಲ್ಲ. ಕುಂಟುತ್ತ ಬಸ್ ಸ್ಟ್ಯಾಂಡಿಗೆ ಹೋಗುತ್ತಿದ್ದರು. ಮೆಟ್ಟಿಲ ಮೇಲೆ ಕಾಲಿಟ್ಟ ಕೂಡಲೇ ಕೈ ತಣ್ಣಗಾಗಿ, ಉಸಿರು ಸಿಕ್ಕಿಕೊಂಡು, ಹಿಂದಿರುಗುತ್ತಿದ್ದರು. ಯಾರೋ ತಾಯಿತ ಕಟ್ಟಿಸಿದರು. ಡಾಕ್ಟರು ನಿದ್ದೆಗೆ ಮಾತ್ರೆ ಕೊಟ್ಟರು. ನಾನು ಧೈರ್ಯದ ಮಾತು ಹೇಳಿದೆ. ಅದು ಎಲ್ಲಕ್ಕಿಂತ ಕಡಿಮೆ ಕೆಲಸ ಮಾಡಿತು. ರಜೆ ಮುಗಿಯುತ್ತ ಬಂತು. ಇನ್ನು ವಿಸ್ತರಿಸಲಾಗದು ಎಂದು ಶಾಲೆಯಿಂದ ಹೇಳಿ ಕಳಿಸಿದರು. ಕೆಲಸ ಬಿಟ್ಟು ಬಂದುಬಿಡು, ಮನೆಯಲ್ಲಿ ನಿನಗೇನು ಕಡಿಮೆ ಎಂದು ಅಣ್ಣನೂ ಹೇಳಿ ಕಳಿಸಿದ್ದರು.

ಮೊಣಕಾಲಿನ ಪಟ್ಟಿ ಬದಲಿಸಲು ಆಸ್ಪತ್ರೆಗೆ ಹೋಗಬೇಕಿತ್ತು. ನಾನೇ ಜಟಕಾ ಕರೆಸಿದೆ. ಊರಲ್ಲಿ ಆಗ ಉಳಿದಿದ್ದ ಕೆಲವೇ ಜಟಕಾಗಳಲ್ಲಿ ಅದೊಂದು. ಹೆಣ್ಣು ಕುದುರೆ, ಬಣ್ಣ ಕಂದು... ಇಲ್ಲ, ಕೆಂಪೇ ಇರಬೇಕು. ಬಹಳ ಒಲಿಸಿದ ಮೇಲೆ ಟೀಚರ್ ಹತ್ತಿದರು. ಒಳಗೆ ಬರದೆ ಹಿಂಬದಿಯ ಅಂಚಿನಲ್ಲೇ ಕೂತು, ಕಾಲು ಹೊರಗೆ ಇಳಿಬಿಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದರು. ಬೇಕೆಂದಾಗ ಹಾರಿಕೊಳ್ಳುವ ಸಿದ್ಧತೆ. ಜಟಕಾಕ್ಕೆ ಎರಡೇ ಚಕ್ರ. ಹಿಂದೆ ಭಾರ ಬಿದ್ದರೆ ಕುದುರೆಯ ಎರಡೂ ಪಕ್ಕದ ಮೂಕಿಮರಗಳು ಮೇಲೇಳುತ್ತವೆ, ಕುದುರೆಯ ಹೊಟ್ಟೆಯಡಿಯ ಪಟ್ಟಿ ಬಿಗಿಯುತ್ತದೆ. ನಾಲ್ಕು ಹೆಜ್ಜೆ ಹಾಕಿ ಕುದುರೆ ನಿಂತುಬಿಟ್ಟಿತು.

“ಮುಂದಕ್ಕೆ ಬರ್ರೀ ಟೀಚರಮ್ಮ,” ಎಂದರು ಜಟಕಾ ಹೊಡೆಯುವ ಸಾಬರು. “ನಿಮ್ ಹೆದ್ರಿಕೆ ನನ್ ಕುದುರೆ ಹೊಟ್ಟೆಗೆ ಹತ್ತೈತೆ.”

ಟೀಚರ್ ಒಂದು ಗೇಣು ಮುಂದೆ ಸರಿದರು. ಕುದುರೆ ನಡೆಯಿತು. ತಿರುವಿನಲ್ಲಿ ಲಾರಿಯೊಂದು ಹಾರ್ನ್ ಹೊಡೆದದ್ದೇ ಅವರು ಮತ್ತೆ ಹಿಂದಕ್ಕೆ ಮುದುಡಿದರು. ಕುದುರೆ ಮತ್ತೆ ನಿಂತಿತು. “ಅಯ್ಯ, ಹಿಂದೆ ಏನು ಬಿಟ್ಟು ಬಂದೀರಿ ಅಂತ ಹಂಗೆ ಹೋಗ್ತೀರಿ?” ಎಂದು ಸಾಬರು ಗೊಣಗಿದರು. ಟೀಚರ್ ಮುಂದೆ ಸರಿದು ನೋಡಿದರು, ಕುದುರೆ ನಡೆಯಿತು. ಬೇಕೆಂದೇ ಹಿಂದೆ ಸರಿದು ನೋಡಿದರು, ನಿಂತಿತು. ಆಸ್ಪತ್ರೆಯಿಂದ ಮನೆಗೆ ಬಂದ ಮೇಲೆ ಅವರು ಇಳಿಯಲೇ ಇಲ್ಲ.

“ಸಾಬ್ರೆ, ಹೊಳೆ ತನಕ ಹೋಗಿ ಬರಾಣ್ರಿ.”

“ಹೊಳೇಲಿ ಏನೈತ್ರಿ?”

“ಏನಿಲ್ಲ. ಒಂದು ಲೆಕ್ಕ ತಾಳೆ ನೋಡ್ಬೇಕು.”

ಅಂದಿನಿಂದ ಸಂಜೆಗಳೆಲ್ಲ ಜಟಕಾದ ಪಾಲಾದವು. ಟೀಚರ್ ತಮ್ಮ ಒಲೆಯ ಮೇಲೇ ಹುರುಳಿ ಬೇಯಿಸಿ, ಕೈಯಲ್ಲಿ ಹಿಸುಕಿ, ಕುದುರೆಗೆ ತಿನ್ನಿಸಿ, ಆಮೇಲೆ ಹತ್ತುತ್ತಿದ್ದರು. ಒಳಗಿಂದ ಅವರ ಕಣ್ಣು ಅದರ ಕಿವಿಗಳ ಮೇಲೆ. ಇವರು ಉಸಿರು ಬಿಗಿಹಿಡಿದರೆ ಆ ಕಿವಿಗಳು ಹಿಂದಕ್ಕೆ ತಿರುಗುತ್ತಿದ್ದವು, ಸಡಿಲವಾದರೆ ಮುಂದಕ್ಕೆ. “ಬಸ್ಸಿಗೆ ನಾನು ಒಳಗೆ ಕೂತಿದೀನಿ ಅನ್ನೋದೇ ಗೊತ್ತಾಗಲ್ಲ, ಲೆಕ್ಚರರಮ್ಮ,” ಎಂದಿದ್ದರು ಒಮ್ಮೆ. “ಇದಕ್ಕೆ ಗೊತ್ತಾಗ್ತೈತೆ.” ಬೀದಿಯವರು ಸುಮ್ಮನಿರಲಿಲ್ಲ. ದಿನಾ ಯಾರ ದಿಬ್ಬಣ ಹೊರಟೈತ್ರಿ ಎಂದು ಕೇಳುವರು. “ನಂದೇ, ಗಂಡು ಸಿಗಲಿಲ್ಲ, ಕುದುರೆ ಸಿಕ್ತು,” ಎಂದು ಟೀಚರ್ ನೆಟ್ಟಗೆ ಕೂತೇ ಹೇಳಿದ್ದು ಈಗಲೂ ಕೇಳಿಸುತ್ತದೆ.

ಎಲ್ಲವೂ ಸಲೀಸಾಗಿತ್ತು ಎಂದರೆ ಸುಳ್ಳಾಗುತ್ತದೆ. ಒಂದು ಸಂಜೆ ಸೇತುವೆಯ ಮೇಲೆ ಎದುರಿಗೆ ಬಸ್ಸು ತೀರಾ ಹತ್ತಿರ ಹಾದುಹೋಯಿತು. ಟೀಚರ್ ಜಟಕಾದಿಂದ ಇಳಿದು, ಕುಂಟುಕಾಲಿನಲ್ಲೇ ಮನೆಗೆ ನಡೆದು ಬಂದು ಬಾಗಿಲು ಹಾಕಿಕೊಂಡರು. ಎರಡು ದಿನ ತೆರೆಯಲಿಲ್ಲ. ಮೂರನೆಯ ಸಂಜೆ ಕರೆಯದೆಯೇ ಜಟಕಾ ಬಾಗಿಲಿಗೆ ಬಂತು. “ನಾನ್ ಬಂದಿಲ್ರೀ, ಇದೇ ಬಂತು. ಹುರುಳಿ ರುಚಿ ಹತ್ತೈತೆ,” ಎಂದರು ಸಾಬರು, ಮುಖ ಬೇರೆಡೆ ಮಾಡಿ. ಒಳಗೆ ಒಲೆ ಹೊತ್ತಿಸುವ ಸದ್ದಾಯಿತು. ಆಮೇಲಿನ ದಿನಗಳಲ್ಲಿ ಅವರು ಸೇತುವೆ ದಾಟಿದರು. ಬಸ್ ಸ್ಟ್ಯಾಂಡಿನ ಪಕ್ಕದಲ್ಲೇ ಜಟಕಾ ನಿಲ್ಲಿಸಿಕೊಂಡು, ಬಂದು ಹೋಗುವ ಬಸ್ಸುಗಳನ್ನು ಒಳಗಿಂದಲೇ ನೋಡುತ್ತ ಕೂತರು. ಆದರೆ ಒಂದನ್ನೂ ಹತ್ತಲಿಲ್ಲ.

ರಜೆಯ ಕೊನೆಯ ದಿನ ಭಾನುವಾರ. ಅಂದು ಅಣ್ಣ ಬಂದರು, ದೊಡ್ಡ ಮೈಯ ಸಾಧು ಮನುಷ್ಯ.

“ನಾಳೆ ಬೆಳಿಗ್ಗೆ ಹೊರಡಾಣ, ತಂಗೀ.”

“ಜಗಳೂರಿನ ಬಸ್ ಹತ್ತಾಕಾಗಿದ್ರೆ ನ್ಯಾಮತಿ ಬಸ್ಸೇ ಹತ್ತಿದ್ದೆನಲ್ಲೋ ಅಣ್ಣಾ.”

“ನಾನ್ ಪಕ್ಕದಾಗೆ ಇರ್ತೀನಿ. ಕಣ್ ಮುಚ್ಕೊಂಡ್ ಬಾ.”

ಟೀಚರ್ ಎದ್ದು ಒಳಗೆ ಹೋದರು. ಟ್ರಂಕಿಗೆ ಬಟ್ಟೆ ತುಂಬುವುದು ಕಾಣಿಸಿತು. ಮುಗಿಯಿತು ಎಂದುಕೊಂಡೆ. ಗೋಡೆಯ ಈಚೆ ಬಂದು ನಾನು ಕಣ್ಣೀರನ್ನೂ ಹಾಕಿದೆ.

ಬೆಳಿಗ್ಗೆ ಜಟಕಾದಲ್ಲಿ ನಾವು ಮೂವರು. ಅಣ್ಣ ಟ್ರಂಕು ಹಿಡಿದುಕೊಂಡು ಹಿಂದುಗಡೆ ಕೂತರು. ಕುದುರೆ ನಿಂತಿತು. “ಅಣ್ಣಾ, ಮುಂದಕ್ಕೆ ಸರಿ,” ಎಂದರು ಟೀಚರ್. “ಹೆದ್ರಿಕೊಂಡ್ರೆ ಇದು ನಡೆಯಲ್ಲ.” ನಾನ್ಯಾಕೆ ಹೆದರಲಿ ಎಂದು ಗದರಿಕೊಂಡೇ ಅವರು ಸರಿದರು. ಸಾಬರು ಹೆಗಲ ಟವೆಲಿನಿಂದ ಬಾಯಿ ಮುಚ್ಚಿಕೊಂಡರು.

ಸ್ಟ್ಯಾಂಡಿನಲ್ಲಿ ಜಗಳೂರಿನ ದಾರಿಯ ದಾವಣಗೆರೆ ಬಸ್ಸೂ ನ್ಯಾಮತಿಯ ದಾರಿಯ ಸವಳಂಗದ ಬಸ್ಸೂ ಒತ್ತಾಗಿ ನಿಂತಿದ್ದವು. ದಾವಣಗೆರೆ ಬಸ್ಸಿನ ಮೇಲೆ ಟ್ರಂಕು ಹಾಕಿಸಲು ಅಣ್ಣ ಓಡಾಡುತ್ತಿದ್ದರು. ಟೀಚರ್ ಕುದುರೆಯ ಕುತ್ತಿಗೆಯ ಮೇಲೆ ಕೈಯಿಟ್ಟು ನಿಂತಿದ್ದರು. ಕಿವಿ ನೋಡಿದರು. ಆಮೇಲೆ ಹೋಗಿ, ಕಂಬಿ ಹಿಡಿದು, ಒಂದು ಉಸಿರು ಬಿಟ್ಟು, ಬಸ್ಸು ಹತ್ತಿದರು. ಸವಳಂಗದ ಬಸ್ಸು.

“ತಂಗೀ, ಅದು ನಮ್ ಬಸ್ಸಲ್ಲ,” ಎಂದರು ಅಣ್ಣ.

ಒಳಗಿಂದ ದನಿ ಬಂತು. “ನಿಂದಲ್ಲ ಅಣ್ಣಾ. ನಂದು.”

ಟ್ರಂಕಿನ ಜೊತೆ ಅಣ್ಣ ಅದೇ ಜಟಕಾದಲ್ಲಿ ಮನೆಗೆ ಬಂದರು. ಸಂಜೆಯವರೆಗೂ ಜಗುಲಿಯ ಮೇಲಿಂದ ಎದ್ದೇಳಲಿಲ್ಲ. ಟೀಚರ್ ಬಂದಾಗ ಮುಖ ಬಿಳಿಚಿಕೊಂಡಿತ್ತು, ಸೀರೆಯ ಸೆರಗು ಬೆವರಿಗೆ ಒದ್ದೆ. ಮರುದಿನ ಮತ್ತೆ ಹೋದರು. ನಿವೃತ್ತಿಯವರೆಗೂ ಹೋದರು.

ಎಲ್ಲವೂ ಕುದುರೆಯಿಂದಲೇ ಆಯಿತು ಎಂದು ಬರೆಯಲಾರೆ. ಆದರೆ ಮಾತ್ರೆ, ತಾಯಿತ, ನನ್ನ ಮಾತು, ಇವುಗಳಲ್ಲಿ ಯಾವುದಕ್ಕೂ ಅವರು ಹೆದರಿದಾಗ ನಿಲ್ಲುವುದು, ಸಿದ್ಧರಾದಾಗ ನಡೆಯುವುದು ಗೊತ್ತಿರಲಿಲ್ಲ. ಅಷ್ಟನ್ನು ಅಳುಕಿಲ್ಲದೆ ಹೇಳಬಲ್ಲೆ. ಎಂಬತ್ತರ ದಶಕದಲ್ಲಿ ಆಟೋಗಳು ಬಂದವು, ನನಗೆ ಚನ್ನಗಿರಿಗೆ ವರ್ಗವಾಯಿತು. ಕುದುರೆ ಏನಾಯಿತೋ ತಿಳಿಯದು. ಟೀಚರ್ ತೀರಿಕೊಂಡ ಸುದ್ದಿ ನನಗೆ ತಲುಪಿದ್ದು ತಿಂಗಳುಗಳ ಮೇಲೆ, ಅದೂ ಬೇರೆ ಏನೋ ಮಾತಿನ ನಡುವೆ...

ಅಂದು ಬಸ್ಸು ಹೊರಟಾಗ ಅವರು ಕಿಟಕಿಯಿಂದ ಕೈಬೀಸಿದಂತೆ ನನಗೆ ಕಾಣಿಸುತ್ತದೆ. ಅದು ನಾನು ಸೇರಿಸಿದ್ದೇ ಇರಬೇಕು. ಆ ದಿನ ಅವರು ಕಂಬಿಯಿಂದ ಕೈ ತೆಗೆದಿರಲಾರರು. ಕೈಯಲ್ಲಿ ಊಟದ ಡಬ್ಬಿ ಇದ್ದದ್ದು ಮಾತ್ರ ನಿಜ. ಅದು ಜಗಳೂರಿನ ದಾರಿಗೆ ಕಟ್ಟಿದ ಬುತ್ತಿಯೋ, ಶಾಲೆಯ ಮಧ್ಯಾಹ್ನಕ್ಕೆ ಕಟ್ಟಿದ ಊಟವೋ? ಇಷ್ಟು ವರ್ಷ ನಾನು ಕೇಳಲೇ ಇಲ್ಲ. ಮೊನ್ನೆ ಚನ್ನಗಿರಿಗೆ ಹಿಂದಿರುಗುವಾಗ ದಾರಿಯುದ್ದಕ್ಕೂ ಅದನ್ನೇ ಯೋಚಿಸಿದೆ. ಹೇಳಬಲ್ಲವರು ಒಬ್ಬರೇ ಇದ್ದರು.