ಊರಾಚೆಯ ಮನೆಗೆ ಬಸ್ಸು ಬಂದದ್ದು

ಅತ್ತೆಗೆ ಸೊಸೆಯನ್ನು ಎದುರಿಗೆ ಹೊಗಳಿ ಅಭ್ಯಾಸವಿರಲಿಲ್ಲ. ಹೊಗಳಿದರೆ ತಲೆಗೇರುತ್ತದೆ ಎಂಬ ಭಯವೇನಲ್ಲ. ಹೊಲಿಗೆ ಅಂಗಡಿ ನಡೆಸಿದಷ್ಟು ವರ್ಷವೂ ಗಿರಾಕಿಗಳನ್ನು ಹೊಗಳಿ ಹೊಗಳಿ ನಾಲಿಗೆ ಸವೆದುಹೋಗಿತ್ತು. ಮನೆಯವರ ಪಾಲಿಗೆ ಏನೂ ಉಳಿದಿರಲಿಲ್ಲ, ಅಷ್ಟೆ.

ಸೊಸೆ ದೊಡ್ಡಾಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗದ ಮೇಲ್ವಿಚಾರಕಿ. ದಿನದ ಮೊದಲ ಆಪರೇಷನ್ನಿಗೆ ಮುಂಚೆ ಹಸಿರು ಬಟ್ಟೆಗಳೆಲ್ಲ ಹಬೆಯಲ್ಲಿ ಬೆಂದು, ಒಣಗಿ, ಮಡಿಕೆಯಾಗಿ ಮೇಲಿನ ಮಹಡಿಗೆ ಹೋಗಿರಬೇಕು. ಆದ್ದರಿಂದ ಬೀದಿದೀಪ ಆರುವ ಮೊದಲೇ ಅವಳ ಪಾಳಿ ಶುರು. ಮಗ ಬಡಗಿ, ಯಾರದೋ ಗೋದಾಮಿನ ಮೂಲೆಯೊಂದನ್ನು ಬಾಡಿಗೆಗೆ ಹಿಡಿದು ಕುರ್ಚಿ, ಬಾಗಿಲು ಮಾಡುತ್ತಿದ್ದ. ಇವರ ಜೊತೆ ಇಬ್ಬರು ಮೊಮ್ಮಕ್ಕಳು. ಐದೂ ಜನ ಟೈರ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ಒಬ್ಬರ ಕಾಲು ಇನ್ನೊಬ್ಬರು ತುಳಿಯದಂತೆ ಬದುಕುತ್ತಿದ್ದರು. ಮಂಡಿನೋವಿನ ಅತ್ತೆ ಕಡಿದಾದ ಆ ಮೆಟ್ಟಿಲನ್ನು ವಾರಕ್ಕೊಮ್ಮೆ ಇಳಿದರೆ ಹೆಚ್ಚು.

ಕಟ್ಟಡ ಕೆಡವುತ್ತೇವೆ, ಜಾಗ ಖಾಲಿ ಮಾಡಿ ಎಂದು ಯಜಮಾನರು ಹೇಳಿದ ಮೇಲೆ ಮನೆ ಹುಡುಕಾಟ ಶುರುವಾಯಿತು. ಇಷ್ಟು ವರ್ಷ ಬಾಡಿಗೆ ಕಟ್ಟಿದ್ದು ಸಾಕು, ಕೂಡಿಟ್ಟದ್ದಕ್ಕೆ ಸಾಲ ಸೇರಿಸಿ ಸ್ವಂತದ್ದೇ ಕೊಳ್ಳೋಣ ಎಂದವಳು ಸೊಸೆ.

ಆಸ್ಪತ್ರೆಯ ಹಿಂದಿನ ಬೀದಿಯಲ್ಲೊಂದು ಮನೆ ಸಿಕ್ಕಿತು. ಅಲ್ಲಿಂದ ಸೊಸೆ ನಡೆದೇ ಕೆಲಸಕ್ಕೆ ಹೋಗಬಹುದಿತ್ತು. ಆದರೆ ಅದು ಮೂರನೇ ಮಹಡಿ, ಬೆಂಕಿಪೊಟ್ಟಣದಷ್ಟು ಜಾಗ. ಅಡುಗೆಮನೆಯಲ್ಲಿ ಇಬ್ಬರು ನಿಂತರೆ ಒಬ್ಬರು ಉಸಿರು ಹಿಡಿಯಬೇಕು. ನದಿಯಾಚೆಯ ಬಡಾವಣೆ ಎಲ್ಲ ರೀತಿಯಲ್ಲೂ ಚೆನ್ನಾಗಿತ್ತು. ಬೆಲೆ ಕೇಳಿದ ಮಗ ಒಂದು ಲೋಟ ನೀರು ಕೇಳಿ ಕುಡಿದು ಎದ್ದು ಬಂದ.

ಮೂರನೆಯದು ಹಳೇ ಕಲ್ಲುಕ್ವಾರಿಯ ಆಚೆ, ರಸ್ತೆ ಮುಗಿಯುವ ಕಡೆ. ನೆಲಮಟ್ಟದ ಮನೆ, ಮೂರು ಕೋಣೆ, ಬಾಗಿಲಿಗೆ ಒಂದೇ ಮೆಟ್ಟಿಲು. ಹಿತ್ತಲಲ್ಲಿ ತಗಡಿನ ದೊಡ್ಡ ಶೆಡ್ಡು. ಮಗ ಶೆಡ್ಡಿನೊಳಗೆ ಹೋದವನು ಎಷ್ಟು ಹೊತ್ತಾದರೂ ಹೊರಗೆ ಬರಲಿಲ್ಲ. ಮಕ್ಕಳು ಅಂಗಳದಲ್ಲಿ ಕಾರಣವೇ ಇಲ್ಲದೆ ಓಡಿದರು. ಅತ್ತೆ ಆ ಮೆಟ್ಟಿಲನ್ನು ಹತ್ತಿ ಇಳಿದು, ಯಾರೂ ನೋಡುತ್ತಿಲ್ಲವೆಂದುಕೊಂಡು ಮತ್ತೊಮ್ಮೆ ಹತ್ತಿದಳು. ಸೊಸೆ ನೋಡಿದ್ದಳು.

ಬೆಲೆಯೂ ಕೈಗೆಟುಕುವಂತಿತ್ತು. ಯಾಕೆಂದು ಕೇಳಿದಾಗ, ಮನೆ ಮಾರುತ್ತಿದ್ದ ಗಾರೆ ಮೇಸ್ತ್ರಿ ಮುಚ್ಚುಮರೆ ಮಾಡಲಿಲ್ಲ. "ಬಸ್ಸಿಂದೇ ತೊಂದರೆ ನೋಡಿ ತಾಯಿ. ಮೊದಲನೇದು ಬರೋ ಹೊತ್ತಿಗೆ ಬಿಸಿಲು ಏರಿರುತ್ತೆ."

ಅಂದರೆ ಬಸ್ಸು ಬರುವ ಹೊತ್ತಿಗೆ ಸೊಸೆ ಆಸ್ಪತ್ರೆಯಲ್ಲಿ ಅರ್ಧ ಕೆಲಸ ಮುಗಿಸಿರಬೇಕು.

ಮನೆಗೆ ಬಂದ ಮೇಲೆ ಮಗ ಖಡಾಖಂಡಿತವಾಗಿ ಹೇಳಿದ. "ಅದು ಬೇಡ. ನನ್ನ ಶೆಡ್ಡಿಗೋಸ್ಕರ ನೀನು ದಿನಾ ರಸ್ತೆ ಮೇಲೆ ಸವೀಬೇಕಾ? ಆಸ್ಪತ್ರೆ ಹಿಂದಿನ ಮನೇನೇ ಸಾಕು."

"ಅಲ್ಲಿ ಅತ್ತೆ ಮೂರು ಮಹಡಿ ಹತ್ತಬೇಕಲ್ಲ?"

"ಅಮ್ಮ ಇಳಿಯೋದೇ ಬೇಡ. ಬೇಕಾದ್ದನ್ನ ನಾವೇ ತಂದ್ಕೊಡ್ತೀವಿ."

ಮಗ ಕೆಟ್ಟದ್ದನ್ನೇನೂ ಆಡಿರಲಿಲ್ಲ. ಆದರೂ ಇನ್ನುಳಿದ ಆಯುಸ್ಸನ್ನೆಲ್ಲ ಕಿಟಕಿಯಲ್ಲಿ ಕೂತು ಕಳೆಯಬೇಕೆಂದು ಯಾರೋ ತೀರ್ಪು ಕೊಟ್ಟಂತಾಯಿತು ಅತ್ತೆಗೆ.

ಸೊಸೆ ಆ ವಾರದ ರಜೆಯ ದಿನ ಮಲಗಿ ನಿದ್ದೆ ಮಾಡಲಿಲ್ಲ. ಪಾಳಿಯ ಹೊತ್ತಿಗಿಂತ ಮುಂಚೆಯೇ ಆಟೋ ಹಿಡಿದು ಕ್ವಾರಿಯ ಕಡೆ ಹೊರಟಳು. "ನಾನೂ ಬರ್ತೀನಿ" ಎಂದು ಅತ್ತೆ ಹಟ ಹಿಡಿದು ಜೊತೆಗೆ ಕೂತಳು. ಇಬ್ಬರೂ ಬಸ್ಸಿಲ್ಲದ ಬಸ್ ಸ್ಟಾಪಿನಲ್ಲಿ ಶಾಲು ಹೊದ್ದು ಕೂತರು.

"ಇಲ್ಲೇನು ನೋಡೋದಿದೆ?" ಎಂದು ಅತ್ತೆ ಕೇಳಿದಳು.

"ನನ್ನ ಹಾಗೆ ಬೇಗ ಹೊರಡೋರು ಇರಲೇಬೇಕಲ್ಲ ಅತ್ತೆ. ಅವರು ಹೇಗೆ ಹೋಗ್ತಾರೆ ನೋಡೋಣ."

ಇದ್ದರು. ಕತ್ತಲೆಯಿಂದ ಒಬ್ಬೊಬ್ಬರಾಗಿ ಬಂದರು. ಸಗಟು ಮಾರುಕಟ್ಟೆಯ ಹಮಾಲಿಗಳು ಸೈಕಲ್ಲಿನ ಮೇಲೆ, ಬ್ಯಾಂಕಿನ ಕಾವಲುಗಾರ ನಡೆದುಕೊಂಡು, ಕಚೇರಿ ಗುಡಿಸುವ ಹೆಂಗಸರು ಗುಂಪಾಗಿ. ಬೇಕರಿಯವನೊಬ್ಬ ನಡೆಯುತ್ತಲೇ ನಿದ್ದೆ ಮಾಡುತ್ತಿದ್ದಂತಿತ್ತು. ಮುಖ್ಯರಸ್ತೆ ಮುಟ್ಟುವವರೆಗೂ ಎಲ್ಲರದೂ ನಡಿಗೆಯೇ. ಸೊಸೆ ಅವರ ಪಕ್ಕಕ್ಕೆ ಬಿದ್ದು ಒಂದಷ್ಟು ದೂರ ನಡೆದು ಮಾತಾಡಿಸಿ, ತಿರುಗಿ ಬಂದು ಮುಂದಿನವರನ್ನು ಹಿಡಿಯುತ್ತಿದ್ದಳು. ಬಸ್ಸು ಬಂದರೆ ದಿನಾ ಹತ್ತುತ್ತೀರಾ ಎಂದು ಕೇಳಿದಳು. ಹತ್ತದೆ ಏನಮ್ಮ, ಆದರೆ ತರೋರು ಯಾರು ಎಂದು ಅವರು ನಕ್ಕರು.

ಮಾರನೇ ದಿನ ಪಾಳಿ ಮುಗಿಸಿ ನೇರ ಬಸ್ ಡಿಪೋಗೆ ಹೋದಳು. ಅಲ್ಲಿನ ಮ್ಯಾನೇಜರು ಒಳ್ಳೆಯ ಮನುಷ್ಯ; ಆದರೆ ಅವನ ಕೈ ಕಟ್ಟಿಹಾಕಿದಂತಿತ್ತು.

"ನಾನು ಬೇಡ ಅಂತಿಲ್ಲಮ್ಮ. ಅಲ್ಲಿ ಬಸ್ ತಿರುಗಿಸೋಕೆ ಜಾಗ ಎಲ್ಲಿದೆ? ರಸ್ತೆ ಕೊನೇಲಿ ಕ್ವಾರಿಯವರು ಸುರಿದ ಕಲ್ಲು ಗುಡ್ಡೆಯಾಗಿದೆ. ಬೆಳಕಿದ್ದಾಗ ಹೇಗೋ ಹಿಂದೆ ತೆಗೀತಾರೆ. ಕತ್ತಲಲ್ಲಿ ಯಾವ ಡ್ರೈವರೂ ಒಪ್ಪಲ್ಲ."

"ಜಾಗ ನಾವು ಮಾಡಿಕೊಟ್ರೆ?"

"ಮಾಡಿಕೊಟ್ರೆ ಒಂದು ತಿಂಗಳು ಓಡಿಸಿ ನೋಡ್ತೀನಿ. ಜನ ಬರದಿದ್ರೆ ನಿಲ್ಲಿಸ್ತೀನಿ."

ಅಂದು ಸಂಜೆ ಮನೆಯಲ್ಲಿ ಮಾತಿಗೆ ಮಾತು ಬೆಳೆಯಿತು. ಮೇಸ್ತ್ರಿಗೆ ಬೇರೆ ಗಿರಾಕಿ ಬಂದಿದ್ದರು. ಮುಂಗಡ ಕೂಡಲೇ ಕೊಡಬೇಕಿತ್ತು. ಬಸ್ಸು ಬಂದ ಮೇಲೆ ಕೊಡೋಣ ಎಂದ ಮಗ. ಬಸ್ಸು ಬಂದ ಮೇಲೆ ಆ ಮನೆ ನಮ್ಮ ಕೈಗೆಟುಕುವುದಿಲ್ಲ ಎಂದಳು ಸೊಸೆ.

"ಬಸ್ಸು ಬರದಿದ್ರೆ ಏನು ಮಾಡ್ತೀಯ?"

"ಬೇಕರಿಯವರ ಜೊತೆ ನಡೀತೀನಿ ರೀ. ಅವರು ನಡೀತಿಲ್ವಾ?"

"ತಮಾಷೆ ಮಾಡ್ಬೇಡ."

ಆಗ ಮೂಲೆಯಲ್ಲಿ ಗುಂಡಿ ಹೊಲಿಯುತ್ತಿದ್ದ ಅತ್ತೆ ಸೂಜಿ ಕೆಳಗಿಟ್ಟಳು. "ಕೊಡ್ರೋ ಮುಂಗಡ. ನನಗೆ ಆ ಮನೆ ಬೇಕು. ಇಷ್ಟು ದಿನ ಕೇಳಿರಲಿಲ್ಲ, ಈಗ ಕೇಳ್ತಿದೀನಿ. ಇವಳು ಸುಮ್ಮನೆ ಬಾಯಿಮಾತಿಗೆ ಹೇಳೋಳಲ್ಲ. ಅವತ್ತು ಆ ಚಳೀಲಿ ಇವಳು ಜನರನ್ನ ಮಾತಾಡಿಸಿದ್ದು ನೀನು ನೋಡ್ಬೇಕಿತ್ತು."

ಮಗ ತಾಯಿಯ ಮುಖವನ್ನೂ ಹೆಂಡತಿಯ ಮುಖವನ್ನೂ ನೋಡಿದ. ಇಬ್ಬರೂ ಒಂದೇ ಕಡೆ ಸೇರಿದ್ದನ್ನು ಅವನು ಕಂಡದ್ದು ಅದೇ ಮೊದಲು. ಬೆಳಿಗ್ಗೆ ಹೋಗಿ ಮುಂಗಡ ಕೊಟ್ಟು ಬಂದ.

ಬೆಳಗಿನ ಜಾವ ನಡೆದು ಹೋಗುವವರಿಗೆಲ್ಲ ಸೊಸೆ ಹೇಳಿ ಕಳಿಸಿದ್ದಳು; ಆದರೂ ಮುಂದಿನ ರಜೆಯ ದಿನ ಕಲ್ಲುಗುಡ್ಡೆಯ ಹತ್ತಿರ ಎಷ್ಟು ಜನ ಬರುತ್ತಾರೋ ಎಂದು ಅವಳಿಗೇ ಗೊತ್ತಿರಲಿಲ್ಲ. ಮೊದಲು ಬಂದದ್ದು ಹಮಾಲಿಗಳು. ಭಾರ ಎತ್ತುವುದು ಅವರಿಗೆ ನಿತ್ಯದ ಕಸುಬು. ದೊಡ್ಡ ಕಲ್ಲುಗಳನ್ನು ಅವರೇ ಹೊರಳಿಸಿದರು. ಮೇಸ್ತ್ರಿ ತನ್ನ ತಳ್ಳುಗಾಡಿ ತಂದ. ಬಸ್ಸು ಬಂದರೆ ತನ್ನ ಮನೆಗೆ ಇನ್ನೂ ಹೆಚ್ಚು ಬೆಲೆ ಸಿಗುತ್ತಿತ್ತೆಂದು ಗೊತ್ತಿದ್ದೂ ಅವನು ಮಾತು ತಪ್ಪಲಿಲ್ಲ. ಮಗ ಅಂಚಿಗೆ ಮರದ ಗೂಟ ಹೊಡೆದು, ಡ್ರೈವರಿಗೆ ಕಾಣುವಂತೆ ಬಿಳಿ ಬಣ್ಣ ಬಳಿದ. ಅತ್ತೆ ಕುರ್ಚಿ ಹಾಕಿಸಿಕೊಂಡು ಕೂತು, ಯಾರೂ ಕೇಳದಿದ್ದರೂ ಎಲ್ಲರಿಗೂ ಹೇಗೆ ಅಗೆಯಬೇಕೆಂದು ಹೇಳುತ್ತಿದ್ದಳು. ಸಂಜೆಯ ಹೊತ್ತಿಗೆ ಎಲ್ಲರ ಅಂಗೈಯಲ್ಲೂ ಬೊಬ್ಬೆ ಎದ್ದಿತ್ತು, ರಸ್ತೆಯ ಕೊನೆಯಲ್ಲೊಂದು ಬಯಲಾಗಿತ್ತು.

ಅವರು ಹೊಸ ಮನೆಗೆ ಬಂದ ವಾರದಲ್ಲೇ ಮೊದಲ ಬಸ್ಸು ಬಂತು. ಅಂದು ಹನಿ ಬೀಳುತ್ತಿತ್ತು. ಅತ್ತೆ ಕೊಡೆ ಹಿಡಿದು ಸ್ಟಾಪಿನವರೆಗೂ ಹೋದಳು, ಯಾರ ಕೈಯನ್ನೂ ಹಿಡಿಯದೆ. ದೂರದಲ್ಲಿ ಎರಡು ದೀಪ ಕಂಡಾಗ ಜನ ರಸ್ತೆಯ ಅಂಚಿಗೆ ಸರಿದರು. ಬಸ್ಸು ಬಯಲಿಗೆ ಇಳಿದು, ಬಿಳಿ ಗೂಟಗಳ ಪಕ್ಕದಲ್ಲೇ ಒಂದು ಸುತ್ತು ತಿರುಗಿ, ಅವರೆದುರು ಬಂದು ನಿಂತಿತು. ಕಂಡಕ್ಟರು ಬಾಗಿಲು ತೆರೆದು, ಇಷ್ಟು ಜನರನ್ನು ನೋಡಿ ಕಣ್ಣುಜ್ಜಿಕೊಂಡ. ಸೊಸೆಯನ್ನೇ ಮೊದಲು ಹತ್ತಿಸಬೇಕೆಂದು ಹಮಾಲಿಗಳು ದಾರಿ ಬಿಟ್ಟರು. ಅವಳು ಬೇಕರಿಯವನನ್ನು ಮುಂದೆ ತಳ್ಳಿದಳು. ಅವನಿಗೆ ಕಿಟಕಿ ಪಕ್ಕದ ಸೀಟು ಬೇಕಿತ್ತು, ನಿದ್ದೆಗೆ.

ಬಸ್ಸು ಹೋದ ಮೇಲೂ ಅತ್ತೆ ನಿಂತೇ ಇದ್ದಳು. ಜೀವಮಾನದಲ್ಲಿ ಎಷ್ಟೋ ಚೆಂದದ ಉಡುಪು ಹೊಲಿದಿದ್ದಳು, ಅವನ್ನು ತೊಟ್ಟವರು ಬೀದಿಯಲ್ಲಿ ನಡೆದು ಹೋಗುವುದನ್ನು ಅಂಗಡಿ ಬಾಗಿಲಿಂದ ನೋಡಿ ಎದೆಯುಬ್ಬಿಸಿದ್ದಳು. ಅಂದಿನ ಹಿಗ್ಗು ಅದಕ್ಕೂ ಮೇಲಿತ್ತು.

ತಿಂಗಳು ಕಳೆಯಿತು, ಮ್ಯಾನೇಜರು ಬಸ್ಸು ನಿಲ್ಲಿಸಲಿಲ್ಲ. ಹಾಗೆಂದು ದಾರಿಯೇನೂ ಹತ್ತಿರವಾಗಲಿಲ್ಲ. ಸೊಸೆ ಇಂದಿಗೂ ಎಲ್ಲರಿಗಿಂತ ಮೊದಲು ಏಳುತ್ತಾಳೆ, ಹೋಗುವಾಗಲೂ ಬರುವಾಗಲೂ ಬಸ್ಸಿನಲ್ಲಿ ತೂಕಡಿಸುತ್ತಾಳೆ. "ಮನೆ, ದುಡ್ಡು ಎರಡೂ ಹೊಂದಿಕೊಂಡ್ವು. ದೂರಾನ ನಿದ್ದೆ ಮಾಡಿ ಕಳೀತೀನಿ" ಎಂದು ನಗುತ್ತಾಳೆ. ಅವಳು ಮಧ್ಯಾಹ್ನ ಬರುವ ಹೊತ್ತಿಗೆ ಶೆಡ್ಡಿನಲ್ಲಿ ಗರಗಸದ ಸದ್ದು, ಅಂಗಳದಲ್ಲಿ ಮಕ್ಕಳ ಜಗಳ.

ಒಮ್ಮೆ ಕಣ್ಣಿನ ಪರೀಕ್ಷೆಗೆಂದು ಅತ್ತೆಯೂ ಆ ಬಸ್ಸು ಹತ್ತಿದಳು. ಸೊಸೆ ಪಕ್ಕದಲ್ಲಿ ಕೂತು ನಿದ್ದೆಹೋದಳು. ಮುಂದಿನ ಸೀಟಿನಲ್ಲಿ ಹೊಸದಾಗಿ ಬಂದ ಬಾಡಿಗೆದಾರನೊಬ್ಬ, ಬಸ್ಸು ಇವತ್ತು ತಡ ಎಂದು ಗೊಣಗುತ್ತಿದ್ದ.

"ಸ್ವಲ್ಪ ಈ ಕಡೆ ತಿರುಗಪ್ಪ" ಎಂದಳು ಅತ್ತೆ. "ಈ ಬಸ್ಸು ಹೇಗೆ ಬಂತು ಗೊತ್ತಾ ನಿನಗೆ? ಇಲ್ಲಿ ಮಲಗಿದಾಳಲ್ಲ, ಇವಳು ನನ್ನ ಸೊಸೆ. ಮೆಲ್ಲಗೆ ಮಾತಾಡೋಣ, ಏಳಿಸಬೇಡ."