ಜಕಿಯಾ ಎಣ್ಣೆ ಹಚ್ಚದ ಅರ್ಧ

ಬೆಳಗಿನ ಆರೂವರೆ. ನ್ಯೂಜೆರ್ಸಿಯ ಎಡಿಸನ್‌ನ ನಮ್ಮ ಬೀದಿಯಲ್ಲಿ ಟ್ರೈನ್ ಹಿಡಿಯುವವರ ಕಾರುಗಳು ಒಂದೊಂದಾಗಿ ಹೊರಡುತ್ತಿವೆ. ಪಕ್ಕದ ಮನೆಯ ರೇಣು ಇನ್ನೂ ಎದ್ದಿಲ್ಲ. ಅವಳ ಮನೆಯ ಹಿಂದಿನ ಡೆಕ್ ಮೇಲೆ ಐವತ್ತೆಂಟು ವರ್ಷದ ಹೆಂಗಸೊಬ್ಬರು ಮಂಡಿಯೂರಿ ಕೂತು, ಹಳೆಯ ದುಪಟ್ಟಾ ಒಂದನ್ನು ಹಲಗೆಗಳ ಮೇಲೆ ಮೆಲ್ಲಗೆ ಎಳೆಯುತ್ತಿದ್ದಾರೆ. ಬಟ್ಟೆ ಎಲ್ಲಿ ಸಿಕ್ಕಿಕೊಂಡಿತೋ ಅಲ್ಲಿ ಸಿಬಿರು ಎದ್ದಿದೆ ಎಂದು ಅರ್ಥ. ಅಲ್ಲೇ ನಿಲ್ಲಿಸಿ, ಸ್ಯಾಂಡ್ ಪೇಪರಿನಿಂದ ನಾಲ್ಕು ಸಲ ಉಜ್ಜಿ, ಅಂಗೈಯಿಂದ ಸವರಿ ನೋಡಿ ಮುಂದಿನ ಹಲಗೆಗೆ ಸರಿಯುತ್ತಾರೆ.

ಇವರು ಜಕಿಯಾ. ನಾನು ಇವರನ್ನು ನಮ್ಮ ಬೇಲಿಯ ಈಚೆಯಿಂದ ನೋಡುತ್ತಿದ್ದೇನೆ. ಹೊಟ್ಟೆ ಉರಿಯುತ್ತಿದೆ. ಬರೆಯಲು ಬಂದವಳು ಹೀಗೆಲ್ಲ ಹೇಳಿಕೊಳ್ಳಬಾರದು ಅಂತಾರೆ, ಆದರೆ ಮುಚ್ಚಿಟ್ಟುಕೊಂಡು ನನಗೇನಾಗಬೇಕಿದೆ?

ಕಥೆ ಇಷ್ಟೆ. ಇಲ್ಲಿ ಮನೆಯ ಹಿಂದೆ, ನೆಲದಿಂದ ಎರಡು ಮೂರು ಅಡಿ ಎತ್ತರದಲ್ಲಿ ಹಲಗೆ ಹೊಡೆದು ಮಾಡುವ ಜಗಲಿಗೆ ಡೆಕ್ ಎನ್ನುತ್ತಾರೆ. ಗೆದ್ದಲು, ಕೊಳೆ ತಾಗದ ಹಾಗೆ ಔಷಧಿಯನ್ನು ಒತ್ತಡದಲ್ಲಿ ಒಳಗೆ ತುಂಬಿಸಿದ ಮರ ಇದಕ್ಕೆ ಬೇಕು. ಎಂಟು ವರ್ಷದ ಹಿಂದೆ ನಮ್ಮ ಮನೆಗೂ ರೇಣುವಿನ ಮನೆಗೂ ಒಂದರ ಹಿಂದೊಂದು ಡೆಕ್ ಆಯಿತು. ಮರ ಬಂದದ್ದು ಒಂದೇ ಲಾರಿಯಲ್ಲಿ, ಕಟ್ಟಿದವರೂ ಒಬ್ಬರೇ, ಊರಿಗೆಲ್ಲ ಬೇಕಾದ ಮಂಜೂರ್ ಅಂಕಲ್. ಈಗ ರೇಣುವಿನ ಡೆಕ್ ಬೆಲ್ಲದ ಬಣ್ಣದಲ್ಲಿ ಮಿರುಗುತ್ತಿದೆ. ನಮ್ಮದು ಬೂದಿ ಬಣ್ಣಕ್ಕೆ ತಿರುಗಿ, ಬರಿಗಾಲಿಟ್ಟರೆ ಸಿಬಿರು ಚುಚ್ಚುವ ಹಾಗಿದೆ. ರೇಣುವಿನ ಅತ್ತೆ, ಕಟ್ಟಿದ ನಾಲ್ಕು ದಿನವೂ ಅವರಿಗೆ ಬಿಸಿಬೇಳೆ ಬಾತ್ ಬಡಿಸಿ ಒಳ್ಳೊಳ್ಳೆಯ ಹಲಗೆಗಳನ್ನು ತಮ್ಮ ಕಡೆ ಹೊಡೆಸಿಕೊಂಡರು ಎಂದೇ ನಾನು ಇಷ್ಟು ವರ್ಷ ನಂಬಿದ್ದೆ. ಆ ಬಾತ್ ನೆನಪಾದಾಗಲೆಲ್ಲ ಮೂಗು ಮುರಿದಿದ್ದೇನೆ.

ಪತ್ರಿಕೆಯ ಪುರವಣಿಯವರು ಮಂಜೂರ್ ಅವರ ಬಗ್ಗೆ ಬರೆದುಕೊಡಿ ಎಂದಾಗ ಹಳೆಯದನ್ನು ಕೇಳಿಯೇಬಿಡೋಣ ಎಂದು ಒಪ್ಪಿಕೊಂಡೆ. ರೇಣುವಿನ ಮನೆಗೆ ಬೆಳಿಗ್ಗೆ ವ್ಯಾನ್ ಬರುತ್ತದೆ ಎಂದು ಮಂಜೂರ್ ಹೇಳಿದ್ದರು. ಬಾಗಿಲ ಮೇಲೆ ‘ಮಂಜೂರ್ ಡೆಕ್ಸ್’ ಎಂದು ಬರೆದ ವ್ಯಾನ್ ಹೇಳಿದ ಹೊತ್ತಿಗೆ ಬಂತು. ಇಳಿದವರು ಅವರಲ್ಲ, ಅವರ ಹೆಂಡತಿ ಜಕಿಯಾ. ವರ್ಷಕ್ಕೆ ಎಷ್ಟು ಸಲ ಇಲ್ಲಿಗೆ ಬರುತ್ತೀರಿ ಎಂದು ಬೇಲಿಯಾಚೆಯಿಂದ ಕೇಳಿದೆ. ವರ್ಷಕ್ಕೊಂದು ಸಲ ತೊಳೆದು, ಉಜ್ಜಿ ಹೋಗುತ್ತಾರಂತೆ, ಎರಡು ವರ್ಷಕ್ಕೊಮ್ಮೆ ಎಣ್ಣೆ ಹಚ್ಚುತ್ತಾರಂತೆ. ಆಮೇಲೆ ನಮ್ಮ ಡೆಕ್ ಕಡೆ ಒಮ್ಮೆ ಕಣ್ಣು ಹಾಯಿಸಿ, ಮೆತ್ತಗೆ ಹೇಳಿದರು:

“ನೀವು ಒಂದ್ ಸಲಾನೂ ಕರೀಲಿಲ್ಲವಲ್ಲಮ್ಮ.”

ಎಂಟು ವರ್ಷ ಬಿಸಿಬೇಳೆ ಬಾತಿನ ಮೇಲೆ ಹೊರಿಸಿದ್ದ ತಪ್ಪು ನನ್ನ ತಲೆಯ ಮೇಲೇ ಬಂದು ಕೂತಿತು. ಮಂಜೂರ್ ಅವರ ಬಗ್ಗೆ ಬರೆಯಬೇಕಿದ್ದ ಈ ಲೇಖನ ದಾರಿ ತಪ್ಪಿದ್ದೂ ಅಲ್ಲಿಯೇ.

ಜಕಿಯಾ ಚನ್ನಪಟ್ಟಣದವರು. ಅಪ್ಪ ಚರಕಿಯಲ್ಲಿ ಮರ ತಿರುಗಿಸಿ ಬೊಂಬೆ ಮಾಡುತ್ತಿದ್ದರು. ಅದಕ್ಕೆ ಅರಗಿನ ಬಣ್ಣ ಹಿಡಿಸಿ, ತಾಳೆಗರಿಯಿಂದ ಒತ್ತಿ ಹೊಳಪು ಬರಿಸುವುದು ಎಂಟನೇ ವಯಸ್ಸಿನಿಂದ ಇವರ ಕೆಲಸ. ಇಪ್ಪತ್ತೊಂದಕ್ಕೆ ಬೆಂಗಳೂರಿನಲ್ಲಿ ಬಡಗಿಯಾಗಿದ್ದ ಮಂಜೂರ್ ಜೊತೆ ಮದುವೆಯಾಯಿತು. ಹತ್ತು ವರ್ಷ ಕಳೆದು, ಸಂಬಂಧಿಕರೊಬ್ಬರ ಮರದ ಅಂಗಡಿಗೆಂದು ಇಬ್ಬರೂ ಅರಿಜೋನಾದ ಟೂಸಾನ್‌ಗೆ ಹೋದರು. ಹೋಗಿ ಇಳಿದದ್ದು ಜೂನ್ ತಿಂಗಳಲ್ಲಿ. ವಿಮಾನದಿಂದ ಹೊರಗೆ ಬಂದಾಗ ಯಾರೋ ಒಲೆಯ ಬಾಗಿಲು ತೆಗೆದಿಟ್ಟಿದ್ದಾರೆ ಅನ್ನಿಸಿತಂತೆ.

ಆ ಮರುಭೂಮಿಯಲ್ಲಿ ಮರದ ಡೆಕ್ ಬಾಳುವುದಿಲ್ಲ ಎಂದು ಅಲ್ಲಿನವರೇ ಹೇಳುತ್ತಿದ್ದರು. ಔಷಧಿ ತುಂಬಿಸಿದ ಮರ ಅಂಗಡಿಯಿಂದ ಬರುವಾಗ ಒದ್ದೆಯಾಗಿಯೇ ಇರುತ್ತದೆ. ಅದನ್ನು ಒಂದು ಮಧ್ಯಾಹ್ನ ಬಿಸಿಲಿಗೆ ಬಿಟ್ಟರೆ ಸಂಜೆಯೊಳಗೆ ತಿರುಚಿಕೊಳ್ಳುತ್ತದೆ. ಮಂಜೂರ್ ಉಪಾಯ ಕಂಡುಕೊಂಡರು. ಬೆಳಿಗ್ಗೆ ನಾಲ್ಕಕ್ಕೆ ಕೆಲಸ ಶುರು, ಹತ್ತರೊಳಗೆ ಎಷ್ಟು ಹಲಗೆಗೆ ಸ್ಕ್ರೂ ಹಾಕಲು ಆಗುತ್ತದೋ ಅಷ್ಟನ್ನೇ ನೆರಳಿನಿಂದ ತೆಗೆಯುವುದು. ಸಂದು ಬಿಡದೆ ಹಲಗೆಗೆ ಹಲಗೆ ಒತ್ತಿ ಕೂರಿಸುವುದು, ಒಣಗಿದ ಮೇಲೆ ಸಂದು ತಾನಾಗಿಯೇ ಬಿಡುತ್ತದೆ. ಇದನ್ನೆಲ್ಲ ಜಕಿಯಾ ವಿವರವಾಗಿ ಹೇಳುತ್ತಾರೆ, ಗಂಡನ ಕೈಚಳಕದ ವಿಷಯದಲ್ಲಿ ಒಂದಿಷ್ಟೂ ಕಡಿಮೆ ಮಾಡುವುದಿಲ್ಲ. ಕೊನೆಯಲ್ಲಿ ಮಾತ್ರ ತುಟಿ ಬಿಗಿಯುತ್ತಾರೆ.

“ಕಟ್ಟೋದು ನಾಲ್ಕು ದಿನ. ಆಮೇಲೆ ಸೂರ್ಯ ದಿನಾ ಬರ್ತಾನಲ್ಲ, ಅವನನ್ನ ಯಾರು ನೋಡ್ಕೊಳ್ಳೋದು?”

ಟೂಸಾನ್‌ನಲ್ಲಿ ಆ ಸೂರ್ಯನನ್ನು ನೋಡಿಕೊಂಡವರು ಇವರು. ಬೊಂಬೆಗೆ ಬಣ್ಣ ಹಿಡಿಸಿದ ಕೈ, ಡೆಕ್‌ಗೆ ಎಣ್ಣೆ ಹಿಡಿಸುವುದನ್ನು ಬೇಗ ಕಲಿಯಿತು. ಹಲಗೆ ಎಣ್ಣೆಗೆ ಸಿದ್ಧವೇ ಎಂದು ನೋಡಲು ಇವರದು ಒಂದು ಚಮಚದ ಲೆಕ್ಕ. ಒಂದು ಚಮಚ ನೀರು ಹಾಕಬೇಕು. ಅದು ಮುತ್ತಿನಂತೆ ನಿಂತರೆ ಮರದ ಹೊಟ್ಟೆಯಲ್ಲಿ ಇನ್ನೂ ನೀರಿದೆ, ಕಾಯಬೇಕು. ಇಂಗಿದರೆ ಮರಕ್ಕೆ ಬಾಯಾರಿದೆ, ಎಣ್ಣೆ ಕೊಡಬಹುದು. ಮರುಭೂಮಿಯಲ್ಲಿ ಹೊಸ ಹಲಗೆಗೆ ಮೂರೇ ವಾರದಲ್ಲಿ ಬಾಯಾರುತ್ತದೆ. ಇಲ್ಲಿ ನ್ಯೂಜೆರ್ಸಿಯಲ್ಲಿ ಚಳಿಗಾಲಕ್ಕೆ ಮುಂಚೆ ಹೊಡೆದ ಹಲಗೆ ಮುಂದಿನ ಬೇಸಿಗೆಯವರೆಗೂ ನೀರು ಕುಡಿಯುವುದಿಲ್ಲ.

ಮಗಳು ಮರಿಯಮ್‌ಗೆ ಮ್ಯಾನ್‌ಹಟನ್‌ನ ಆಸ್ಪತ್ರೆಯೊಂದರಲ್ಲಿ ಕೆಲಸ ಸಿಕ್ಕಿದಾಗ, ಹನ್ನೊಂದು ವರ್ಷದ ಹಿಂದೆ, ಇವರು ಇಲ್ಲಿಗೆ ಬಂದರು. ಟೂಸಾನ್ ಬಿಟ್ಟರೂ ಅಲ್ಲಿನ ಒಂದು ಡೆಕ್ ಇವರನ್ನು ಬಿಟ್ಟಿಲ್ಲ. ಧಾರವಾಡದ ಕಡೆಯ ಹಂಸಿನಿ ಎಂಬ ಹಲ್ಲಿನ ಡಾಕ್ಟರ್ ಮನೆಯದು. ಹದಿನಾಲ್ಕು ವರ್ಷದ ಹಿಂದೆ ಮಂಜೂರ್ ಕಟ್ಟಿದ ಆ ಡೆಕ್‌ಗೆ ಈಗಲೂ ಮಾರ್ಚ್‌ನಲ್ಲೊಮ್ಮೆ, ಅಕ್ಟೋಬರ್‌ನಲ್ಲೊಮ್ಮೆ ಜಕಿಯಾ ಫೋನಿನಲ್ಲೇ ಎಣ್ಣೆ ಹಚ್ಚಿಸುತ್ತಾರೆ. ಈ ಸಲದ ವಿಡಿಯೊ ಕಾಲ್ ರೇಣುವಿನ ಡೆಕ್ ಮೇಲೆ ಕೂತಿದ್ದಾಗಲೇ ಬಂತು. ಅಲ್ಲಿ ಇನ್ನೂ ಕತ್ತಲು. ಹಂಸಿನಿ ಒಂದು ಕೈಯಲ್ಲಿ ಚಮಚ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಹಲಗೆಯ ಮೇಲೆ ಬಗ್ಗಿದ್ದಾರೆ.

“ಆಂಟಿ, ನೀರು ಕುಡೀಲಿಕ್ಕತ್ತದ ನೋಡ್ರಿ. ಇನ್ನ ಹಚ್ಚಲೇನು?”

ಹಚ್ಚು ಎನ್ನುತ್ತಾರೆ ಜಕಿಯಾ, ಆದರೆ ಹಲಗೆ ಬಿಸಿಯಾಗುವ ಮುಂಚೆ ಮುಗಿಸಬೇಕು. ಬಿಸಿಲು ಬಿದ್ದರೆ ಎಣ್ಣೆ ಮೇಲೇ ಒಣಗಿ ಚಕ್ಕೆ ಏಳುತ್ತದೆ. ಒರೆಸಿದ ಬಟ್ಟೆಯನ್ನು ಉಂಡೆ ಮಾಡಿ ಬಿಸಾಡಬಾರದು, ತಾನಾಗಿಯೇ ಹೊತ್ತಿಕೊಳ್ಳುತ್ತದೆ, ಬಿಡಿಸಿ ಹರಡಬೇಕು. ಇಷ್ಟನ್ನೂ ಪ್ರತಿಸಲ ಹೊಸದಾಗಿ ಹೇಳುತ್ತಾರಂತೆ. ಕಳೆದ ವರ್ಷ ಹಂಸಿನಿ ಆ ಡೆಕ್‌ನ ಫೋಟೋ ಕಳಿಸಿದ್ದರು, ಜೊತೆಗೆ ಒಂದು ಸಾಲು: ಮಂಜೂರ್ ಅಂಕಲ್, ನಿಮ್ಮ ಡೆಕ್ ಇನ್ನೂ ಹೊಸದಿದ್ದಂಗ ಅದ. ಮಂಜೂರ್ ಅದಕ್ಕೆ ಫ್ರೇಮ್ ಹಾಕಿಸಿ ಹಾಲ್ ಗೋಡೆಗೆ ನೇತುಹಾಕಿದ್ದಾರೆ. ಜಕಿಯಾ ದಿನಾ ಅದರ ಧೂಳು ಒರೆಸುತ್ತಾರೆ.

ಈ ವರ್ಷ ಏಪ್ರಿಲ್‌ನಿಂದ ಇಲ್ಲಿಯವರೆಗೆ ಇವರು ಮುಟ್ಟಿದ ಡೆಕ್‌ಗಳು ಮೂವತ್ತೊಂದು. ಒಂದಕ್ಕೆ ಎರಡು ದಿನ. ನ್ಯೂಜೆರ್ಸಿಯಲ್ಲಿ ಹತ್ತು ಗಂಟೆಗೆ ಮುಂಚೆ ಇಬ್ಬನಿ ಆರದು, ಎಣ್ಣೆ ಡಬ್ಬ ತೆರೆಯುವಂತಿಲ್ಲ. ಆದರೂ ಮರುಭೂಮಿಯ ಅಭ್ಯಾಸ, ಸೂರ್ಯನಿಗಿಂತ ಮೊದಲೇ ಬಂದುಬಿಡುತ್ತಾರೆ. ಅಲ್ಲಿಯವರೆಗೆ ಹಲಗೆ ಸಂದಿಯ ಎಲೆ, ಕಸ ಕೀಳುವುದು, ಎದ್ದ ಸ್ಕ್ರೂ ಒಳಗೆ ತಿರುಗಿಸುವುದು, ದುಪಟ್ಟಾ ಎಳೆಯುವುದು. ಎಡ ಮಂಡಿಗೆ ಎರಡು ಸಲ ಸೂಜಿ ಹಾಕಿಸಿಕೊಂಡಿದ್ದಾರೆ. ಡಾಕ್ಟರಾಗಿರುವ ಮಗಳು ಮರಿಯಮ್ ಸಾಕು ಮಾಡಮ್ಮಾ ಎಂದು ಇಂಗ್ಲಿಷಿನಲ್ಲಿ ಬೈಯುತ್ತಾಳಂತೆ, ಇವರು ಕನ್ನಡದಲ್ಲಿ ಆಗಲ್ಲ ಎನ್ನುತ್ತಾರಂತೆ.

ಇಂಥ ಲೇಖನಗಳಲ್ಲಿ ಬರುವವರಿಗೆ ಸಾಮಾನ್ಯವಾಗಿ ಯಾವ ಬೇಸರವೂ ಇರುವುದಿಲ್ಲ. ಹೆಸರು ಬೇಡ, ಕೆಲಸವೇ ಸಾಕು ಎನ್ನುತ್ತಾರೆ. ಅದೇ ಉತ್ತರ ಬರುತ್ತದೆ ಎಂದುಕೊಂಡು ನಾನೂ ಕೇಳಿದೆ, ಎಲ್ಲರೂ ಮಂಜೂರ್ ಅಂಕಲ್ ಅನ್ನುವಾಗ ನಿಮಗೇನೂ ಅನ್ನಿಸುವುದಿಲ್ಲವೇ?

“ಹೊಟ್ಟೆಕಿಚ್ಚು ಅನ್ಸುತ್ತೆ. ಬರ್ಕೊಳ್ಳಮ್ಮ. ಪಾರ್ಟಿಗೆ ಬಂದೋರು ಡೆಕ್ ಮೇಲೆ ನಿಂತು, ಯಾರು ಕಟ್ಟಿದ್ದು ಅಂತಾರೆ. ಯಾರು ನೋಡ್ಕೊಳ್ಳೋದು ಅಂತ ಇಷ್ಟು ವರ್ಷದಲ್ಲಿ ಒಬ್ಬರೂ ಕೇಳಿಲ್ಲ.”

ನನಗೆ ಇವರ ಮೇಲೆ ಪ್ರೀತಿ ಹುಟ್ಟಿದ್ದು ಈ ಮಾತಿಗೆ. ಮನೆಗೆ ಬಾ, ಒಂದು ತೋರಿಸುತ್ತೇನೆ ಎಂದರು. ಹೋದೆ.

ಅವರ ಮನೆ ನಮ್ಮಿಂದ ಹತ್ತು ನಿಮಿಷದ ಡ್ರೈವ್. ಹಿಂದಿನ ಬಾಗಿಲು ತೆರೆದವಳು ಹೊಸ್ತಿಲಲ್ಲೇ ನಿಂತೆ. ಡೆಕ್‌ನ ಎಡಗಡೆಯ ಅರ್ಧ ರೇಣುವಿನ ಮನೆಯದರಂತೆ ಬೆಲ್ಲದ ಬಣ್ಣ. ಬಲಗಡೆಯ ಅರ್ಧ ಥೇಟ್ ನಮ್ಮ ಮನೆಯದು, ಬೂದು, ಒಣಕಲು, ಉದ್ದಕ್ಕೂ ಬಿರುಕು. ನಡುವೆ ಗೆರೆ ಎಳೆದ ಹಾಗಿದೆ. ಬೂದು ಕಡೆಯಲ್ಲಿ ಒಂದು ಕುರ್ಚಿ. ಮಂಜೂರ್ ಬೆಳಗಿನ ಚಹಾ ಕುಡಿಯುವುದು ಅದರಲ್ಲಿ ಕೂತು.

ಇದು ಯಾಕೆ ಹೀಗೆ ಎಂದು ಕೇಳಿದ್ದಕ್ಕೆ ಜಕಿಯಾ ನಾಲ್ಕು ವರ್ಷ ಹಿಂದಿನ ಈದ್ ಹಬ್ಬದ ದಿನಕ್ಕೆ ಹೋದರು. ಮನೆ ತುಂಬ ಜನ. ಯಾರೋ ಡೆಕ್ ಹೊಗಳಿ, ಇದಕ್ಕೆ ಏನೇನು ಮಾಡಬೇಕು ಅಂಕಲ್ ಎಂದು ಕೇಳಿದರು. ಏನೂ ಮಾಡಬೇಕಿಲ್ಲ, ನಾನು ಕಟ್ಟಿದರೆ ಮತ್ತೆ ಮುಟ್ಟುವ ಹಾಗೇ ಇಲ್ಲ ಎಂದರಂತೆ ಮಂಜೂರ್. ಜಕಿಯಾ ಚಹಾ ತಟ್ಟೆ ಹಿಡಿದು ಅವರ ಬೆನ್ನ ಹಿಂದೆಯೇ ನಿಂತಿದ್ದರು. ಅದಕ್ಕೆ ಎರಡು ವಾರ ಮುಂಚೆಯಷ್ಟೇ ಅದೇ ಡೆಕ್‌ಗೆ ಎರಡು ದಿನ ಎಣ್ಣೆ ಹಚ್ಚಿದ್ದರು.

“ಸರಿ, ಮುಟ್ಟಲ್ಲ ಅಂದ್ಕೊಂಡೆ. ಅರ್ಧ ಅವರಿಗೆ ಬಿಟ್ಟೆ. ಅವರಾಗೇ ಬಂದು, ಯಾಕೆ ಹೀಗಾಯ್ತು ಅಂತ ಕೇಳೋವರೆಗೂ ಮುಟ್ಟಲ್ಲ.”

ನಾಲ್ಕು ವರ್ಷವಾದರೂ ಅವರು ಕೇಳಿಲ್ಲ. ದಿನಾ ಅದೇ ಕುರ್ಚಿ, ಅದೇ ಚಹಾ. ಒಣಗಿದ ಹಲಗೆಯ ಬಿರುಕಿಗೆ ನೀರು ಇಳಿದು ಚಳಿಯಲ್ಲಿ ಹೆಪ್ಪುಗಟ್ಟಿದರೆ ಬಿರುಕು ಇನ್ನಷ್ಟು ಬಿಡುತ್ತದೆ. ಔಷಧಿ ಹಲಗೆಯ ನಡುಮಧ್ಯದವರೆಗೂ ಹೋಗಿರುವುದಿಲ್ಲ, ಅಲ್ಲಿಗೆ ನೀರು ಮುಟ್ಟಿದರೆ ಕೊಳೆಯುತ್ತದೆ. ಇದು ಜಕಿಯಾಗೆ ನಮ್ಮೆಲ್ಲರಿಗಿಂತ ಚೆನ್ನಾಗಿ ಗೊತ್ತು. ಈ ಶರತ್ಕಾಲದಲ್ಲಿ ಎಣ್ಣೆ ಬೀಳದಿದ್ದರೆ ಆ ಅರ್ಧ ಮುಂದಿನ ವಸಂತಕ್ಕೆ ಉಳಿಯುವುದಿಲ್ಲ. ಎಣ್ಣೆ ಹಚ್ಚಲು ಹವಾಮಾನ ಬಿಟ್ಟುಕೊಡುವುದು ಇನ್ನು ಎರಡು ಮೂರು ವಾರ. ಹಚ್ಚಿದರೆ ನಾಲ್ಕು ವರ್ಷದ ಹಟ ನೀರುಪಾಲು, ಹಚ್ಚದಿದ್ದರೆ ಮರ. ರಾತ್ರಿ ಮಳೆ ಬಂದರೆ ನಿದ್ದೆ ಹತ್ತುವುದಿಲ್ಲ ಎನ್ನುತ್ತಾರೆ.

ಮಂಜೂರ್ ಮಧ್ಯಾಹ್ನ ಊಟಕ್ಕೆ ಬಂದರು. ಅರವತ್ತೆರಡು ವರ್ಷ, ದೊಡ್ಡ ನಗು. ಎಷ್ಟು ಡೆಕ್ ಕಟ್ಟಿದ್ದೀರಿ ಎಂದರೆ ನಾನೂರ ಹನ್ನೆರಡು ಎಂದು ತಟ್ಟನೆ ಹೇಳುತ್ತಾರೆ. ಅವರು ತಮ್ಮ ಕುರ್ಚಿಯಲ್ಲಿ ಕೂತರು. ಜಕಿಯಾ ಬಾಗಿಲಲ್ಲಿ ನಿಂತರು. ಬೇರೆ ದಿನವಾಗಿದ್ದರೆ ನಾನು ಗಂಡ ಹೆಂಡತಿಯ ನಡುವೆ ಬಾಯಿ ಹಾಕುವವಳಲ್ಲ. ಅವತ್ತು ಹಾಕಿದೆ. ಅಂಕಲ್, ನಿಮ್ಮ ಕಾಲಡಿಯ ಹಲಗೆ ಯಾಕೆ ಹೀಗಾಗಿದೆ?

ಅವರು ನಗಲಿಲ್ಲ. ಮೊದಲ ವರ್ಷವೇ ಕಂಡಿತ್ತು ಎಂದರು. ಬಡಗಿಗೆ ಮರ ಬೂದು ಬಣ್ಣಕ್ಕೆ ತಿರುಗುವುದು ಕಾಣದೇ ಇರುತ್ತದೆಯೇ ಎಂದರು. ಮತ್ತೆ ಯಾಕೆ ಸುಮ್ಮನಿದ್ದಿರಿ ಎಂದು ಕೇಳಿದೆ.

“ಕಟ್ಟಿ ಬಂದ್ಮೇಲೆ ನನಗೆ ಯಾರೂ ಫೋನ್ ಮಾಡಲ್ಲ ಕಣಮ್ಮ. ಎಲ್ಲಾ ಫೋನೂ ಇವಳಿಗೇ. ಟೂಸಾನ್ ಡಾಕ್ಟರು ದೀಪಾವಳಿಗೂ ಇವಳಿಗೇ ಮಾಡೋದು. ನಾನು ಪಕ್ಕದಲ್ಲೇ ಕೂತಿರ್ತೀನಿ, ಅಂಕಲ್ ಹೇಗಿದ್ದಾರೆ ಅಂತ ಇವಳನ್ನೇ ಕೇಳ್ತಾರೆ. ನನಗೂ ಹೊಟ್ಟೆಕಿಚ್ಚು ಇರುತ್ತಲ್ಲ? ಇವಳು ಮುಟ್ಟದೇ ಇದ್ರೂ ನನ್ನ ಹಲಗೆ ನಿಲ್ಲುತ್ತಾ ನೋಡೋಣ ಅಂತ ನಾನೂ ಕೂತೆ.”

ಅಂದರೆ ನಾಲ್ಕು ವರ್ಷ ಇಬ್ಬರೂ ಒಂದೇ ಡೆಕ್ ಮೇಲೆ, ಒಂದೇ ಹೊಟ್ಟೆಕಿಚ್ಚಿನಲ್ಲಿ ಕೂತು ಚಹಾ ಕುಡಿದಿದ್ದಾರೆ. ಮಂಜೂರ್ ಜೇಬಿನಿಂದ ಸ್ಕ್ರೂಡ್ರೈವರ್ ತೆಗೆದು, ಕುರ್ಚಿಯ ಪಕ್ಕದ ಹಲಗೆಯ ಬಿರುಕಿಗೆ ಒತ್ತಿದರು. ಅದು ತೊಂದರೆಯಿಲ್ಲದೆ ಒಂದು ಇಂಚು ಒಳಗೆ ಹೋಯಿತು. ಅದರ ಪಕ್ಕದ ಹಲಗೆಗೂ ಹಾಗೆಯೇ. ಉಳಿದವು ಇನ್ನೂ ಗಟ್ಟಿ. ಹೋದ ತಿಂಗಳೇ ನೋಡಿಕೊಂಡಿದ್ದರಂತೆ, ಹೇಳಲು ಬಾಯಿ ಬಂದಿರಲಿಲ್ಲ.

“ನಿಲ್ಲಲ್ಲ,” ಎಂದರು, ನನಗಲ್ಲ, ಬಾಗಿಲ ಕಡೆ ತಿರುಗಿ. “ನೀನಿಲ್ದೆ ನಿಲ್ಲಲ್ಲ.”

ಜಕಿಯಾ ಬಂದು ಬೂದು ಹಲಗೆಗಳ ಮೇಲೆ ಮಂಡಿಯೂರಿದರು. ಗಂಡನ ಮುಖ ನೋಡಲಿಲ್ಲ. ಒಂದೊಂದೇ ಸ್ಕ್ರೂ ಮೇಲೆ ಬೆರಳಾಡಿಸುತ್ತ ಆ ತುದಿಯಿಂದ ಈ ತುದಿಯವರೆಗೆ ಬಂದರು. ನಾಲ್ಕು ವರ್ಷ ಬಿಸಿಲು, ಹಿಮ ತಿಂದ ಆ ಅರ್ಧದಲ್ಲಿ ಒಂದೇ ಒಂದು ಸ್ಕ್ರೂ ಕೂಡ ಮೇಲೆದ್ದಿಲ್ಲ, ಒಂದು ಹಲಗೆಯೂ ತಿರುಚಿಲ್ಲ ಎಂದು ನನಗೆ ಹೇಳಿದರು. ಅದನ್ನು ನೋಡಿದಾಗಲೆಲ್ಲ ಇನ್ನಷ್ಟು ಉರಿಯುತ್ತಿತ್ತಂತೆ. ಅದನ್ನೂ ಬರಿ ಎಂದರು.

ಎರಡು ಹಲಗೆ ಮಂಜೂರ್ ನಾಳೆಯೇ ಬದಲಿಸಬೇಕು, ಉಳಿದದ್ದನ್ನು ಜಕಿಯಾ ಉಜ್ಜಿ ಎಣ್ಣೆ ಹಚ್ಚಬೇಕು ಎಂದು ತೀರ್ಮಾನವಾಯಿತು. ಆಮೇಲೆ ಏನೋ ಹೊಳೆದು, ಜಕಿಯಾ ಹಣೆ ಚಚ್ಚಿಕೊಂಡರು. ಈಗ ಹೊಡೆಯುವ ಹಲಗೆ ಒದ್ದೆಯದು. ಮುಂದಿನ ಬೇಸಿಗೆಯವರೆಗೂ ಅದಕ್ಕೆ ಎಣ್ಣೆ ಹಿಡಿಯುವುದಿಲ್ಲ. ಹಳೆಯದರ ನಡುವೆ ಎರಡೇ ಎರಡು ಹೊಚ್ಚ ಹೊಸ ಹಲಗೆ ಎಂಟು ತಿಂಗಳು ಎದ್ದು ಕಾಣುತ್ತವೆ.

“ಬಂದೋರೆಲ್ಲ ಅದನ್ನೇ ನೋಡಿ, ಯಾರು ಹಾಕಿದ್ದು ಅಂತಾರೆ. ಮತ್ತೆ ಇವರ ಹೆಸರೇ,” ಎಂದು ಗೊಣಗುತ್ತ ಬಕೆಟ್ ತರಲು ಎದ್ದರು. ಮಂಜೂರ್ ಕುರ್ಚಿ ಎತ್ತಿ ಅಂಗಳಕ್ಕೆ ಇಟ್ಟು, ತಾವೂ ತೊಳೆಯಲು ಮೂಲೆಯಲ್ಲಿದ್ದ ಬ್ರಷ್ ಕೈಗೆತ್ತಿಕೊಂಡರು. ಜಕಿಯಾ ವಾಪಸು ಬಂದವರೇ ಅದನ್ನು ಕಿತ್ತುಕೊಂಡರು.

“ಇದು ಬೇಡ. ಇದು ನನ್ನ ಕೆಲಸ.”