ಅತ್ತೆ ನಗದೆ ಯಾರೂ ಸಾಯುವಂತಿಲ್ಲ

ಕಾಗದದ ಕಾರ್ಖಾನೆಯ ಮೊದಲ ಸೈರನ್ ಇನ್ನೂ ಕೂಗಿಲ್ಲ. ಕ್ವಾರ್ಟರ್ಸಿನ ಕೊನೆಯ ಮನೆಯಲ್ಲಿ ಮಾತ್ರ ಅಡುಗೆಮನೆಯ ದೀಪ ಉರಿಯುತ್ತಿದೆ. ಒಲೆಯ ಮೇಲೆ ಚಹಾ ಕುದಿಯುತ್ತಿದೆ. ಪಕ್ಕದ ಕಟ್ಟೆಯ ಮೇಲೆ ಫಿನ್ನಿಶ್ ಭಾಷೆಯ ಪತ್ತೇದಾರಿ ಕಾದಂಬರಿ ಬಾಯ್ತೆರೆದು ಮಲಗಿದೆ, ಪುಟ ಮಗುಚದಿರಲೆಂದು ಅದರ ಮೇಲೊಂದು ಸೌಟು. ಕಾರ್ಖಾನೆಯ ಸ್ಟೋರ್ಸಿನಲ್ಲಿ ಗುಮಾಸ್ತೆಯಾಗಿರುವ ಈ ಹೆಂಗಸು ಕೋಳಿ ಕೂಗುವ ಹೊತ್ತಿಗೇ ಒಬ್ಬ ಮುದುಕಿಯನ್ನು ಸಾಯಿಸಿ ಕೈತೊಳೆದುಕೊಂಡಿದ್ದಾರೆ. ಬರೆದ ಹಾಳೆಗಳನ್ನು ಹಿಡಿದು ಅವರು ಮುಂದಿನ ಕೋಣೆಗೆ ಬರುತ್ತಾರೆ. ಕಿಟಕಿಯ ಪಕ್ಕದ ಮಂಚದಲ್ಲಿ ದಿಂಬುಗಳಿಗೆ ಒರಗಿ ಅತ್ತೆ ಕಾದು ಕೂತಿದ್ದಾರೆ.

"ಇವತ್ತು ಯಾರ ಸರದಿ?" ಅತ್ತೆ ಕೇಳುತ್ತಾರೆ.

"ದೊಡ್ಡ ಮನೆ ಮುದುಕಿ."

"ಅಯ್ಯೋ ಪಾಪ. ಓದು, ಓದು."

ಸೊಸೆ ಓದುತ್ತಾರೆ. ಸೋದರಳಿಯನ ಶವಸಂಸ್ಕಾರ ಮುಗಿಸಿ ಬಂದ ಮುದುಕಿ ಬಿಸಿಹಾಲು ಕುಡಿದು ಮಲಗುತ್ತಾಳೆ, ಬೆಳಿಗ್ಗೆ ಏಳುವುದಿಲ್ಲ. ಅಷ್ಟೇ. ಅತ್ತೆ ಕನ್ನಡಕದ ಮೇಲಿಂದ ನೋಡುತ್ತಾರೆ.

"ಈ ಪುಣ್ಯಾತ್ಮನ ಪುಸ್ತಕಗಳಲ್ಲಿ ಇಷ್ಟು ಜನ ಸತ್ತರಲ್ಲ, ಒಬ್ಬರಾದರೂ ನೆಟ್ಟಗೆ ಸತ್ತಿದ್ದಾರಾ? ಒಬ್ಬ ಸೌನಾ ಅನ್ನೋ ಹಬೆಸ್ನಾನದ ಮನೆಯಲ್ಲಿ ಬೆಂದುಹೋದ, ಇನ್ನೊಬ್ಬನ ಮೇಲೆ ಅವನದೇ ಪ್ರತಿಮೆ ಬಿತ್ತು. ಇವಳು ಮಾತ್ರ ಹಾಲು ಕುಡಿದು ಮಲಗಿ ಹೋದಳಾ? ನೀನು ಏನೋ ನುಂಗಿಹಾಕಿದ್ದೀಯ."

ಸೊಸೆ ಹಾಳೆಗಳನ್ನು ಮಡಚಿಕೊಳ್ಳುತ್ತಾರೆ.

ನುಂಗಿಹಾಕಿದ್ದು ನಿಜ. ಇಷ್ಟು ವರ್ಷಗಳಲ್ಲಿ ಇದೇ ಮೊದಲ ಸಲ.

ಫಿನ್‌ಲೆಂಡಿನ ನಗೆ ತುಂಬಿದ ಕೊಲೆಕತೆಗಳು ನಮ್ಮ ಭಾಷೆಗೆ ಬಂದದ್ದು ಈ ಅಡುಗೆಮನೆಯ ಬಾಗಿಲಿನಿಂದ ಎಂದರೆ ಓದುಗರು ನಂಬಲಿಕ್ಕಿಲ್ಲ. ಹಿಂದೊಮ್ಮೆ ಹೊಸ ಯಂತ್ರ ಜೋಡಿಸಲು ಆ ದೇಶದ ತಂಡವೊಂದು ಕಾರ್ಖಾನೆಗೆ ಬಂದು ಎರಡು ವರ್ಷ ಇತ್ತು. ಬಿಡಿಭಾಗಗಳನ್ನು ಎಣಿಸಿಕೊಡುವ ಕೆಲಸ ಇವರದು. ಮೊದಲು ಕಲಿತ ಫಿನ್ನಿಶ್ ಮಾತು 'ಮುರಿದಿದೆ', ಎರಡನೆಯದು 'ಇದೂ ಮುರಿದಿದೆ'. ತಂಡದ ಮೇಸ್ತ್ರಿ ದಿನಕ್ಕೆ ನಾಲ್ಕು ಮಾತಾಡಿದರೆ ಹೆಚ್ಚು. ಆ ನಾಲ್ಕರಲ್ಲಿ ಒಂದು ಜೋಕು ಇರುತ್ತಿತ್ತು, ಅದೂ ಯಾರದೋ ಸಾವಿನ ಬಗ್ಗೆ. ಅದು ಜೋಕೆಂದು ಇವರಿಗೆ ಗೊತ್ತಾಗುತ್ತಿದ್ದದ್ದು ಮನೆಗೆ ಬಂದ ಮೇಲೆ. ಆಗ ಒಬ್ಬರೇ ಪಾತ್ರೆ ತೊಳೆಯುತ್ತಾ ನಗುತ್ತಿದ್ದರು.

ತಂಡ ಊರಿಗೆ ಮರಳಿದಾಗ ಅತಿಥಿಗೃಹದಲ್ಲಿ ಒಂದು ಪೆಟ್ಟಿಗೆ ಪುಸ್ತಕ ಉಳಿಯಿತು, ಎಲ್ಲವೂ ಒಬ್ಬನೇ ಲೇಖಕನ ಕೊಲೆಕತೆಗಳು. ಕಾಗದದ ಕಾರ್ಖಾನೆಯಲ್ಲಿ ಹಳೆಯ ಪುಸ್ತಕದ ಗತಿ ಗೊತ್ತಲ್ಲ, ನೇರ ಅರೆದು ತಿರುಳು ಮಾಡುವ ಗುಂಡಿಗೆ. ಅದರ ಅಂಚಿನಿಂದ ಇವರು ಪೆಟ್ಟಿಗೆ ಎತ್ತಿಕೊಂಡು ಬಂದರು. ನಿಘಂಟು ಇಟ್ಟುಕೊಂಡು ಒದ್ದಾಡಿ ಮೊದಲ ಪುಸ್ತಕ ಅನುವಾದಿಸಿ ಮುಗಿಸಲು ಮೂರು ವರ್ಷ ಹಿಡಿಯಿತು. ಈಗ ಏಳನೆಯದು ನಡೆಯುತ್ತಿದೆ, ದಿನಕ್ಕೆ ಎರಡು ಪುಟ.

"ಅವರು ಮಾತಿನಲ್ಲಿ ಜಿಪುಣರು. ನಮ್ಮವರು ಸಾವಿನ ಮನೇಲೂ ಒಂದು ಮಾತು ಹೆಚ್ಚಿಗೇನೇ ಆಡ್ತಾರೆ," ಅನ್ನುತ್ತಾರೆ ಇವರು. "ಒಂದು ಪದ ಜಾಸ್ತಿ ಹಾಕಿದೆನೋ, ನಗು ಸತ್ತು ಬರೀ ಹೆಣ ಉಳಿಯುತ್ತೆ."

ಆ ಒಂದು ಪದವನ್ನು ಹಿಡಿಯುವವರು ಅತ್ತೆ. ಅವರು ಬದುಕೆಲ್ಲ ಚಿತ್ರಮಂದಿರದ ಬಾಗಿಲಲ್ಲಿ ಟಿಕೆಟ್ ಹರಿದವರು. ಕತ್ತಲಲ್ಲಿ ಪರದೆಗೆ ಬೆನ್ನು ಹಾಕಿ ನಿಂತು, ಜನ ಎಲ್ಲಿ ನಗುತ್ತಾರೆ, ಎಲ್ಲಿ ಬರೀ ಕೆಮ್ಮುತ್ತಾರೆ ಎಂದು ಕೇಳಿಸಿಕೊಂಡವರು. ಅತ್ತೆ ನಕ್ಕರೆ ಹೆಣ ಪಾಸು, ಇಲ್ಲವಾದರೆ ಮರುದಿನ ಅದೇ ಮನುಷ್ಯ ಇನ್ನೊಮ್ಮೆ ಸಾಯಬೇಕು. ಮದುವೆಯಾದ ಹೊಸದರಲ್ಲಿ ಒಬ್ಬರ ಮುಖ ಒಬ್ಬರಿಗೆ ಆಗುತ್ತಿರಲಿಲ್ಲವಂತೆ. ಇಬ್ಬರನ್ನೂ ಹತ್ತಿರ ತಂದದ್ದು ಎರಡನೇ ಪುಸ್ತಕದ ವಿಷಪ್ರಾಶನ. ಬಾಯ್ಲರ್ ಪಾಳಿಯ ಗಂಡ ಮಾತ್ರ ಒಂದು ಸಾಲೂ ಓದಿಲ್ಲ. "ಇವಳ ಕೈಯ ಚಹಾ ದಿನಾ ಕುಡೀತೀನಲ್ಲ, ಇನ್ನೆಷ್ಟು ಧೈರ್ಯ ತೋರಿಸಲಿ?" ಅನ್ನುತ್ತಾನೆ ಆತ.

ಪುಸ್ತಕಗಳು ಖರ್ಚಾಗುತ್ತವೆ. ವಿಮರ್ಶೆಗಳಲ್ಲಿ ಲೇಖಕನ ಹಾಸ್ಯಪ್ರಜ್ಞೆಗೆ ಭರಪೂರ ಹೊಗಳಿಕೆ. ಅನುವಾದಕಿಯ ಹೆಸರು ಒಳಪುಟದಲ್ಲಿ ಇರುವೆ ಸಾಲಿನಂತೆ ಇರುತ್ತದೆ, ಕಂಡವರಿಗೆ ಕಂಡೀತು. ಕ್ವಾರ್ಟರ್ಸಿನವರಿಗೆ ಮಾತ್ರ ಇವರು 'ಕೊಲೆ ಅಕ್ಕ'.

ಈಗ ಮುದುಕಿಯ ವಿಷಯಕ್ಕೆ ಬರೋಣ. ಅತ್ತೆಯ ಹೃದಯ ಬಳಲಿದೆ. ಅವರು ನಾಲ್ಕು ಹೆಜ್ಜೆ ಇಟ್ಟರೆ ಏದುಸಿರು ಬರುತ್ತದೆ. ಗಾಬರಿ, ಉದ್ವೇಗ ಯಾವುದೂ ಕೂಡದು ಎಂದು ಡಾಕ್ಟರು ಹೇಳಿದ್ದಾರೆ. ಕಾದಂಬರಿಯ ಮುದುಕಿಗೂ ಅವಳ ಡಾಕ್ಟರು ಹೇಳಿದ್ದು ಅದನ್ನೇ. ಅದಕ್ಕೇ ಆಸ್ತಿಗೆ ಬಾಯಿ ಬಿಡುವ ಮೂವರು ಸೋದರಳಿಯಂದಿರು ಅವಳನ್ನು ಬೆಚ್ಚಿಬೀಳಿಸಿ ಸಾಯಿಸಲು ಹೊರಡುತ್ತಾರೆ. ಒಬ್ಬ ಕರಡಿಯ ಚರ್ಮ ಹೊದ್ದು ಬಂದು ಪಕ್ಕದ ಮನೆಯ ಬೇಟೆಗಾರನ ಗುಂಡಿಗೆ ಬಲಿಯಾಗುತ್ತಾನೆ. ಇನ್ನೊಬ್ಬ ಮಧ್ಯರಾತ್ರಿ ಕಿಟಕಿ ಬಡಿಯಲು ಹೋಗಿ ಏಣಿಯಿಂದ ಬಿದ್ದು ಸಾಯುತ್ತಾನೆ. ಎರಡನೆಯವನ ಶವಸಂಸ್ಕಾರದ ದಿನ ಏನಾಯಿತು ಎಂಬುದೇ ಸೊಸೆ ನುಂಗಿದ ಭಾಗ.

"ಅಚ್ಚಿಗೂ ಹಾಗೇ ಕಳಿಸೋಣ ಅಂತಿದ್ದೆ," ಇವರು ನಮ್ಮ ಕಡೆ ತಿರುಗಿ ಒಪ್ಪಿಕೊಳ್ಳುತ್ತಾರೆ. "ಪೂರ್ತಿ ಹಾಕಿದ್ರೆ, ಪುಸ್ತಕ ಬಂದ ಮೇಲೆ ಅತ್ತೆ ಇನ್ನೊಂದು ಸಲ ಓದಿಸ್ಕೋತಾರೆ. ಆಗ ಸಿಕ್ಕಿಬೀಳ್ತೀನಲ್ಲ."

ಮಂಚದ ಮೇಲಿನಿಂದ ಅತ್ತೆ ಸೊಸೆಯ ಕೈ ಹಿಡಿದು ಕೂರಿಸಿಕೊಳ್ಳುತ್ತಾರೆ. "ಹೆಣ ಬಿದ್ದರೆ ನಾನು ಹೆದರಲ್ಲ. ನೀನು ತಮಾಷೆ ಬಿಟ್ಟೆ ನೋಡು, ಆಗ ಎದೆ ಧಸಕ್ ಅಂತು. ಡಾಕ್ಟರು ನಿನ್ನ ಹತ್ತಿರ ಬೇರೆಯಾಗಿ ಏನೋ ಹೇಳಿದಾರೆ, ಅಲ್ವಾ?"

ಸೊಸೆಗೆ ಸುಳ್ಳು ಹೇಳಲು ಬಾಯಿ ಬರುವುದಿಲ್ಲ. "ಹೇಳಿದಾರೆ, ಅತ್ತೆ. ಹೆಚ್ಚು ದಿನ ಇಲ್ಲ ಅಂದ್ರು."

ಕಿಟಕಿಯ ಹೊರಗೆ ಯಾರೋ ಸೈಕಲ್ಲು ತಳ್ಳಿಕೊಂಡು ಹೋಗುತ್ತಾರೆ. ಅತ್ತೆ ಕನ್ನಡಕ ಸರಿಮಾಡಿಕೊಳ್ಳುತ್ತಾರೆ.

"ಸರಿ. ಈಗ ನಿಜವಾದದ್ದು ಓದು."

ಸೊಸೆ ಮೂಲ ಪುಸ್ತಕವನ್ನೇ ತಂದು, ಅದನ್ನು ನೋಡಿಕೊಂಡೇ ನಮ್ಮ ಮಾತಿನಲ್ಲಿ ಹೇಳುತ್ತಾ ಹೋಗುತ್ತಾರೆ. ಮಂಜು ಬಿದ್ದ ದಿಬ್ಬ. ಶವಪೆಟ್ಟಿಗೆ ಹೊತ್ತವರ ಕೈ ಜಾರುತ್ತದೆ. ಪೆಟ್ಟಿಗೆ ಇಳಿಜಾರಿನಲ್ಲಿ ಹೊರಟು, ಕೆಳಗೆ ನಿಂತು ಅಳುವ ನಾಟಕವಾಡುತ್ತಿದ್ದ ಮೂರನೆಯವನ ಕಾಲಿಗೆ ಬಡಿದು, ಅವನನ್ನು ಮೇಲೆ ಕೂರಿಸಿಕೊಂಡೇ ಸರೋವರ ಸೇರುತ್ತದೆ. ಅಣ್ಣತಮ್ಮಂದಿರು ಕೊನೆಗೂ ಜೊತೆಯಾದರು ಅನ್ನುತ್ತಾನೆ ಪಾದ್ರಿ. ಮುದುಕಿ ನಗಲು ಶುರುಮಾಡುತ್ತಾಳೆ. ನಕ್ಕು ನಕ್ಕು ಅಲ್ಲೇ ಕುಸಿದು ಪ್ರಾಣ ಬಿಡುತ್ತಾಳೆ.

ಅತ್ತೆಯ ಭುಜ ಮೊದಲು ಅಲುಗುತ್ತದೆ. ಆಮೇಲೆ ಹೊಟ್ಟೆ. ಕಣ್ಣಲ್ಲಿ ನೀರು ಬಂದು, ಕೈ ಎದೆಗೆ ಹೋದದ್ದೇ ತಡ, ಸೊಸೆ ಪುಸ್ತಕ ಎಸೆದು ಅವರನ್ನು ತಬ್ಬಿ ಹಿಡಿಯುತ್ತಾರೆ. "ಅತ್ತೆ, ಮಾತ್ರೆ ಕೊಡಲಾ? ಅತ್ತೆ."

"ಮಾತ್ರೆ ಇರಲಿ," ಅತ್ತೆ ಉಸಿರು ಹುಡುಕಿಕೊಳ್ಳುತ್ತಾರೆ. "'ಕೊನೆಗೂ' ಬೇಡ. ತೆಗಿ ಅದನ್ನ. 'ಅಣ್ಣತಮ್ಮಂದಿರು ಜೊತೆಯಾದರು' ಅಂದರೆ ಸಾಕು."

ಸೊಸೆ ಅಳುತ್ತಲೇ ಹಾಳೆ ಎಳೆದುಕೊಂಡು, ಆ ಪದ ಬಿಟ್ಟು ಸಾಲು ಬರೆದುಕೊಳ್ಳುತ್ತಾರೆ.

ಸೈರನ್ ಕೂಗುತ್ತದೆ. ಕಾರ್ಖಾನೆ ಬಸ್ಸಿಗೆ ಹೊರಟ ಸೊಸೆಯನ್ನು ಕೇಳಿದರೆ, ಪ್ರಶಸ್ತಿ ಗಿಶಸ್ತಿಯ ಆಸೆ ಏನೂ ಇಲ್ಲವಂತೆ. ಇವರ ತಲೆಯಲ್ಲಿ ಈಗಲೇ ಎಂಟನೆಯ ಪುಸ್ತಕ ಇದೆ.

"ಅದರಲ್ಲಿ ಮೊದಲ ಹೆಣ ಬೀಳೋದೇ ನೂರನೇ ಪುಟದ ಹತ್ತಿರ," ಚೀಲ ಹೆಗಲಿಗೇರಿಸುತ್ತಾ ಹೇಳುತ್ತಾರೆ. "ನಾನು ಯಾವತ್ತೂ ಪುಟ ಹಾರಿಸಿದವಳಲ್ಲ. ಈ ಸಲ ಮಾತ್ರ ಆ ಹೆಣದಿಂದಲೇ ಶುರು ಮಾಡ್ತೀನಿ. ಅತ್ತೆ ಅಷ್ಟು ಕೇಳಿಬಿಡಲಿ. ಹಿಂದಿನದೆಲ್ಲ ಆಮೇಲೆ ನಿಧಾನಕ್ಕೆ ಮಾಡ್ಕೋತೀನಿ."